‘ಬೇರೆ ಲೋಟ’ ಕಾದಂಬರಿ: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕ ಬಂದ ಮೇಲೆ ಫೋನಿನಲ್ಲಿ, ಪತ್ರದಲ್ಲಿ, ಓದುಗರ ಕೂಟಗಳಲ್ಲಿ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತಿವೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಟ್ಟರೆ ನನಗೂ ಸಮಾಧಾನ ಆಗುವುದಿಲ್ಲ. ಅದಕ್ಕೆ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಕೊನೆಗೆ ಏನಾಗುತ್ತದೆ ಅಂತ ಎಲ್ಲೂ ಹೇಳಿಲ್ಲ. ಪುಸ್ತಕ ಓದದವರೂ ಧೈರ್ಯವಾಗಿ ಓದಬಹುದು.

ಕಥೆ ಏನು, ಚಿಕ್ಕದಾಗಿ ಹೇಳ್ತೀರಾ?

1967ರ ಬೆಂಗಳೂರು. ಪದ್ಮ ಕಬ್ಬನ್‌ಪೇಟೆಯ ನೇಕಾರರ ಮನೆ ಹುಡುಗಿ. ಲೆಸ್ಲಿ ಕುಕ್ ಟೌನಿನ ಆಂಗ್ಲೋ ಇಂಡಿಯನ್ ಮನೆ ಹುಡುಗ. ಅವನ ಅಪ್ಪ ರೈಲ್ವೆಯಲ್ಲಿ ಎಂಜಿನ್ ಡ್ರೈವರ್ ಆಗಿದ್ದವರು. ಇಬ್ಬರೂ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ಪ್ರೀತಿ ಆಗುತ್ತದೆ, ಎರಡು ಮನೆಗೂ ಗೊತ್ತಾಗುತ್ತದೆ. ಅಲ್ಲಿಂದ ಮುಂದಿನ ಐದು ವರ್ಷಗಳ ಕಥೆ ಇದು.

ಇದು ನಿಜವಾಗಿ ನಡೆದದ್ದಾ? ಪದ್ಮ ನಿಮ್ಮ ಅಮ್ಮ ಅಂತ ಯಾರೋ ಹೇಳಿದರು.

ಅಲ್ಲ. ಪದ್ಮ, ಲೆಸ್ಲಿ ಇಬ್ಬರೂ ನಾನು ಕಟ್ಟಿದ ಪಾತ್ರಗಳು. ನಮ್ಮ ಮನೆಯಲ್ಲಿ ಯಾರೂ ಅಂಥ ಮದುವೆ ಮಾಡಿಕೊಂಡಿಲ್ಲ. ಆದರೆ ಲೋಟ ನಿಜ.

ನಮ್ಮ ಅಜ್ಜಿ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೂಡಿನಲ್ಲಿ, ಒಂದು ಹಿತ್ತಾಳೆ ಲೋಟ ಯಾವಾಗಲೂ ಬೋರಲು ಬಿದ್ದಿರುತ್ತಿತ್ತು. ಒಳಗಿನ ಪಾತ್ರೆಗಳಿಗೆಲ್ಲ ವರ್ಷಕ್ಕೊಂದು ಸಲ ಕಲಾಯಿ ಆಗುತ್ತಿತ್ತು. ಕಲಾಯಿ ಸಾಬರು ಬಂದು, ಬೀದಿ ಬದಿಯಲ್ಲಿ ಸಣ್ಣ ಗುಂಡಿ ತೋಡಿ, ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿ ತವರ ಸವರಿ ಉಜ್ಜುತ್ತಿದ್ದರು. ಕಪ್ಪಗಿದ್ದ ಪಾತ್ರೆ ಕಣ್ಣೆದುರೇ ಬೆಳ್ಳಿಯಾಗುತ್ತಿತ್ತು. ಆ ಲೋಟಕ್ಕೆ ಮಾತ್ರ ಯಾರೂ ಕಲಾಯಿ ಹಾಕಿಸಲಿಲ್ಲ. ಅದರ ಅಂಚಿಗೆ ಹಸಿರು ಕಿಲುಬು ಹಿಡಿದಿತ್ತು. ಮನೆಯ ಅಷ್ಟೂ ಪಾತ್ರೆಗೆ ಕಲಾಯಿ ಹಾಕಿ ಬೆವರು ಒರೆಸಿಕೊಳ್ಳುತ್ತಿದ್ದ ಸಾಬರಿಗೆ ಮಜ್ಜಿಗೆ ಕೊಡುತ್ತಿದ್ದದ್ದು ಆ ಲೋಟದಲ್ಲೇ.

ಎಂಟು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಬಾಯಾರಿ, ಅದೇ ಲೋಟದಲ್ಲಿ ನಲ್ಲಿ ನೀರು ಹಿಡಿದು ಕುಡಿದುಬಿಟ್ಟೆ. ಅಜ್ಜಿ ಬೈಯಲಿಲ್ಲ, ಗಾಬರಿಯಾದರು. ಬಚ್ಚಲಿಗೆ ಕರೆದುಕೊಂಡು ಹೋಗಿ, ಬಾಯಿ ಮುಕ್ಕಳಿಸಿ, ತಲೆಗೆ ನೀರು ಹಾಕಿದರು. ಅವರ ಕೈ ನಡುಗುತ್ತಿತ್ತು. ನನಗೆ ದಿನಾ ತುತ್ತು ಮಾಡಿ ತಿನ್ನಿಸುತ್ತಿದ್ದ ಕೈ ಅದು.

ಆಮೇಲೆ ಕಾಲೇಜಿನ ದಿನಗಳಲ್ಲಿ ಕಾಕ್ಸ್ ಟೌನಿನ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಆಂಗ್ಲೋ ಇಂಡಿಯನ್ ಮನೆ. ಅಡುಗೆಮನೆಯ ಹಿಂದಿನ ಬಾಗಿಲ ಹತ್ತಿರ ಮೊಳೆಗೆ ಒಂದು ಎನಾಮಲ್ ಮಗ್ ನೇತುಹಾಕಿದ್ದರು. ಬಿಳಿ ಮಗ್, ನೀಲಿ ಅಂಚು. ಅಲ್ಲಲ್ಲಿ ಎನಾಮಲ್ ಎದ್ದುಹೋಗಿ ಕಪ್ಪು ತಗಡು ಕಾಣುತ್ತಿತ್ತು. ‘ಇದು ಯಾರದು?’ ಅಂದೆ. ‘ಧೋಬಿದು’ ಅಂದಳು. ಅವಳಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ನಮ್ಮ ಅಜ್ಜಿಗೂ ಕಂಡಿರಲಿಲ್ಲ ಅಲ್ವಾ? ಅವತ್ತು ಮನೆಗೆ ಬರುವಾಗ ಬಸ್ಸಿನಲ್ಲಿ ಆ ಎರಡು ಲೋಟಗಳೇ ತಲೆಯಲ್ಲಿದ್ದವು. ಬರೆಯಲು ಕೂತದ್ದು ಎಷ್ಟೋ ವರ್ಷಗಳ ಮೇಲೆ.

ಆಂಗ್ಲೋ ಇಂಡಿಯನ್ ಅಂದರೆ ನಿಖರವಾಗಿ ಯಾರು?

ನಮ್ಮ ಸಂವಿಧಾನದಲ್ಲೇ ಇದಕ್ಕೆ ಅರ್ಥ ಕೊಟ್ಟಿದ್ದಾರೆ. 366ನೇ ವಿಧಿಯ ಎರಡನೇ ಖಂಡ. ಅಪ್ಪ, ಅಥವಾ ಅಪ್ಪನ ಕಡೆಯ ಹಿಂದಿನ ಯಾವುದೋ ಗಂಡು ತಲೆ ಯುರೋಪಿನ ಮೂಲದ್ದಾಗಿರಬೇಕು. ಆ ವ್ಯಕ್ತಿ ಇಲ್ಲೇ ನೆಲೆ ನಿಂತವರಾಗಿರಬೇಕು, ಇಲ್ಲೇ ವಾಸವಿದ್ದ ತಂದೆ ತಾಯಿಗೆ ಇಲ್ಲೇ ಹುಟ್ಟಿರಬೇಕು. ಸ್ವಲ್ಪ ದಿನಕ್ಕೆ ಬಂದು ಹೋಗುವವರ ಮಕ್ಕಳಾದರೆ ಆಗುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು ಅಪ್ಪನ ಕಡೆ ಅನ್ನುವ ಮಾತು. ಲೆಸ್ಲಿಗೂ ಪದ್ಮಳಿಗೂ ಮಗು ಹುಟ್ಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಆಂಗ್ಲೋ ಇಂಡಿಯನ್. ಲೆಸ್ಲಿಯ ತಂಗಿ ಡೋರಿನ್ ಪೇಟೆಯ ಹುಡುಗನೊಬ್ಬನನ್ನು ಮದುವೆಯಾದರೆ ಅವಳ ಮಗು ಅಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ತಂಗಿ, ಆದರೆ ಅವಳ ಮಕ್ಕಳು ಲೆಕ್ಕಕ್ಕೆ ಇಲ್ಲ. ಏಳನೇ ಅಧ್ಯಾಯದಲ್ಲಿ ಡೋರಿನ್ ಅಪ್ಪನ ಜೊತೆ ಜಗಳ ಆಡುವುದು ಇದಕ್ಕೇ. ಆ ಜಗಳ ಬರೆಯುವಾಗ ನಾನು ಪೂರ್ತಿ ಅವಳ ಕಡೆಗಿದ್ದೆ.

ಪೇಟೆ ಬೇರೆ, ದಂಡು ಬೇರೆ ಅಂತ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾಕೆ?

ಈಗಿನ ಮಕ್ಕಳಿಗೆ ಬೆಂಗಳೂರು ಅಂದರೆ ಒಂದೇ ಊರು. ಆದರೆ ತುಂಬಾ ಕಾಲ ಇವು ಎರಡು ಊರು. ಪೇಟೆ ಕೆಂಪೇಗೌಡರು 1537ರಲ್ಲಿ ಕಟ್ಟಿದ್ದು. ದಂಡು, ಅಂದರೆ ಕಂಟೋನ್ಮೆಂಟ್, ಬ್ರಿಟಿಷರು 1809ರಲ್ಲಿ ಸೈನ್ಯಕ್ಕೆ ಅಂತ ಮಾಡಿಕೊಂಡದ್ದು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡನ್ನು ಮಾತ್ರ ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿಗೆ ಬಂದದ್ದು 1947ರಲ್ಲಿ. ಎರಡೂ ಸೇರಿ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ. ಅಂದರೆ ಕಥೆ ಶುರುವಾಗುವಾಗ ಈ ಎರಡು ಊರು ಸೇರಿ ಇನ್ನೂ 18 ವರ್ಷ.

ನಡುವೆ ಕಬ್ಬನ್ ಪಾರ್ಕ್. ಪದ್ಮಳ ಮನೆಯಿಂದ ಪಾರ್ಕಿಗೆ ನಡೆದೇ ಹೋಗಬಹುದು. ಆದರೂ ಅವಳ ಅಮ್ಮ ಪಾರ್ಕಿನ ಆಚೆ ಬದಿಗೆ ಜೀವನದಲ್ಲಿ ಮೂರು ಸಲ ಹೋಗಿದ್ದಾರೆ, ಮೂರು ಸಲವೂ ಆಸ್ಪತ್ರೆಗೆ. ಲೆಸ್ಲಿಯ ಅಜ್ಜಿ ಪೇಟೆಗೆ ಬಂದದ್ದೇ ಇಲ್ಲ. ಹಳಬರು ‘ದಂಡಿಗೆ ಹೋಗಿ ಬಂದೆ’ ಅನ್ನುತ್ತಿದ್ದದ್ದು ಪರ ಊರಿಗೆ ಹೋಗಿ ಬಂದ ಹಾಗೇ ಕೇಳುತ್ತಿತ್ತು.

ಎರಡು ಮನೆಯಲ್ಲಿ ಯಾರು ಮೇಲು, ಯಾರು ಕೆಳಗೆ? ನಮಗೆ ಕೊನೆವರೆಗೂ ಗೊತ್ತಾಗಲಿಲ್ಲ.

ಗೊತ್ತಾಗಬಾರದು ಅಂತಲೇ ಬರೆದದ್ದು. ಇಡೀ ಪುಸ್ತಕ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಪದ್ಮಳ ಮನೆಯವರ ಲೆಕ್ಕ ಕೇಳಿ. ನಮ್ಮದು ಸ್ವಂತ ಮನೆ. ಎರಡು ಮಗ್ಗ ಇವೆ. ನಾವು ನೇಯ್ದ ಸೀರೆ ಉಟ್ಟು ಎಷ್ಟೋ ಹುಡುಗಿಯರು ಹಸೆಮಣೆ ಏರಿದ್ದಾರೆ. ಹಬ್ಬ ಹರಿದಿನ ಬಿಟ್ಟಿಲ್ಲ, ಮಡಿ ಬಿಟ್ಟಿಲ್ಲ. ಅವರೋ ಬಾಡಿಗೆ ಮನೆಯವರು. ಗಂಡಸರು ಹೆಂಗಸರು ಒಟ್ಟಿಗೆ ಕುಣಿಯುತ್ತಾರೆ, ಮನೆಯಲ್ಲೇ ಕುಡಿಯುತ್ತಾರೆ. ಕುಲ ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ. ಪರಂಗಿಯವರಿಗೂ ಬೇಡವಾದವರು.

ಲೆಸ್ಲಿ ಮನೆಯವರ ಲೆಕ್ಕ ಬೇರೆ. ನಮ್ಮ ಮನೆಯಲ್ಲಿ ಎಲ್ಲರೂ ಕಾನ್ವೆಂಟಿನಲ್ಲಿ ಓದಿದವರು. ಟೇಬಲ್ಲಿಗೆ ಬಟ್ಟೆ ಹಾಸಿ ಊಟ ಮಾಡುವವರು. ಅಪ್ಪ ಮೇಲ್ ಗಾಡಿ ಓಡಿಸಿದವರು. ಅವರೋ ನೆಲದ ಮೇಲೆ ಕೂತು ಕೈಯಲ್ಲಿ ತಿನ್ನುವವರು. ಇಡೀ ದಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ಬಡಿಯುವವರು.

ಇನ್ನು ದುಡ್ಡಿನ ಲೆಕ್ಕ. ಪದ್ಮಳ ಅಪ್ಪ ನೇಯುವ ರೇಷ್ಮೆ ಅವರದ್ದಲ್ಲ, ಜರಿ ಅವರದ್ದಲ್ಲ. ಎರಡೂ ಸಾಹುಕಾರರದ್ದು. ಅವರಿಗೆ ಸಿಗುವುದು ಮಜೂರಿ ಮಾತ್ರ, ಅದರಲ್ಲೂ ಮುಂಗಡದ ಸಾಲ ಕಳೆದು. ಸ್ವಂತ ಮನೆ ಅಡಮಾನಕ್ಕೆ ಹೋಗುವ ಹಂತದಲ್ಲಿದೆ. ಲೆಸ್ಲಿ ಮನೆಯಲ್ಲಿ ಪಿಯಾನೋ ಮಾರಿಯಾಗಿದೆ. ಅದು ಇದ್ದ ಜಾಗದ ಗೋಡೆ ಮಾತ್ರ ಬೆಳ್ಳಗೆ ಉಳಿದಿದೆ. ಅಲ್ಲಿ ಒಂದು ಪರದೆ ಇಳಿಬಿಟ್ಟಿದ್ದಾರೆ. ಒಂದೇ ತಿಂಗಳಲ್ಲಿ ಪದ್ಮಳ ಅಮ್ಮ ಬಳೆಯನ್ನೂ ಲೆಸ್ಲಿಯ ಅಮ್ಮ ಬೆಳ್ಳಿ ಚಮಚಗಳನ್ನೂ ಗಿರವಿ ಅಂಗಡಿಗೆ ಒಯ್ಯುತ್ತಾರೆ.

ಇಬ್ಬರ ಕಷ್ಟವೂ ಒಂದೇ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ಅಳೆಯುವ ಕೋಲು ಬೇರೆ. ಒಬ್ಬರಿಗೆ ಮಡಿ, ಇನ್ನೊಬ್ಬರಿಗೆ ಇಂಗ್ಲಿಷು. ಕೈಯಲ್ಲಿ ದುಡ್ಡು ಕಡಿಮೆಯಾದಷ್ಟೂ ಆ ಕೋಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಈ ಒಂದು ವಿಷಯ ಹೇಳಬೇಕು ಅಂತಲೇ ನಾನು ನಾಲ್ಕು ವರ್ಷ ಬರೆದದ್ದು.

ಮಜ್ಜಿಗೆ ಪ್ರಸಂಗ ಓದಿ ತುಂಬಾ ಸಂಕಟ ಆಯಿತು. ಅಷ್ಟು ಬೇಕಿತ್ತಾ?

ಬೇಕಿತ್ತು. ಲೆಸ್ಲಿ ಮೊದಲ ಸಲ ಕಬ್ಬನ್‌ಪೇಟೆ ಮನೆಗೆ ಬರುತ್ತಾನೆ. ಪದ್ಮಳ ಅಮ್ಮ ಬಾಗಿಲಲ್ಲೇ ನಿಂತು ‘ಏನಪ್ಪಾ, ಬಿಸಿಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡಿ’ ಅನ್ನುತ್ತಾರೆ. ಹಿತ್ತಲಿನ ಕಿಲುಬು ಲೋಟದಲ್ಲಿ ಮಜ್ಜಿಗೆ ಬರುತ್ತದೆ. ಹುಳಿ ಮಜ್ಜಿಗೆ, ಕಲಾಯಿ ಇಲ್ಲದ ಹಿತ್ತಾಳೆ. ಬಾಯಿಗಿಟ್ಟರೆ ಒಗರು. ಲೆಸ್ಲಿ ಪೂರ್ತಿ ಕುಡಿದು ‘ಚೆನ್ನಾಗಿದೆ ಅಮ್ಮ’ ಅನ್ನುತ್ತಾನೆ. ಮಗ್ಗದ ಹಿಂದೆ ನಿಂತಿದ್ದ ಪದ್ಮ ಲೋಟ ನೋಡುತ್ತಾಳೆ.

ಎರಡು ತಿಂಗಳಾದ ಮೇಲೆ ಪದ್ಮ ಕುಕ್ ಟೌನಿಗೆ ಹೋಗುತ್ತಾಳೆ. ಒಳ್ಳೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹಣ್ಣು ತೆಗೆದುಕೊಂಡು. ಬಾಗಿಲು ತೆರೆದ ಲೆಸ್ಲಿಯ ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಹೊಸ ಆಯಾ ಅಂದುಕೊಂಡು, ಹಿಂದಿನ ಬಾಗಿಲಿಗೆ ಕಳಿಸುತ್ತಾರೆ. ಅಡುಗೆಮನೆಯ ಮೆಟ್ಟಿಲ ಮೇಲೆ ಕೂರಿಸಿ ಎನಾಮಲ್ ಮಗ್ಗಿನಲ್ಲಿ ಟೀ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ, ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿ. ಪದ್ಮ ಆ ಮಗ್ಗನ್ನು ನೋಡುತ್ತಲೇ ಅದು ಏನು ಅಂತ ಗುರುತು ಹಿಡಿಯುತ್ತಾಳೆ. ಅಂಥದ್ದು ಅವಳ ಮನೆಯಲ್ಲೂ ಇದೆಯಲ್ಲ.

ಇದು ಅಂತರಜಾತಿ ಕಥೆನಾ, ಅಂತರಧರ್ಮದ ಕಥೆನಾ, ಅಥವಾ ಬಣ್ಣದ ಕಥೆನಾ?

ಮೂರೂ ಹೌದು. ಬಣ್ಣದ ವಿಷಯದಲ್ಲಿ ಓದುಗರಿಗೆ ಆಶ್ಚರ್ಯ ಆಗುವುದು ಪದ್ಮ ಲೆಸ್ಲಿಗಿಂತ ಬೆಳ್ಳಗಿದ್ದಾಳೆ ಅನ್ನೋದು. ಬೇಕಂತಲೇ ಹಾಗೆ ಮಾಡಿದೆ. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಒಂದೇ ತಾಯಿ ಮಕ್ಕಳಲ್ಲಿ ಎಲ್ಲ ಬಣ್ಣವೂ ಇರುತ್ತದೆ. ಲೆಸ್ಲಿ ಕಪ್ಪು, ಡೋರಿನ್ ಬಿಳುಪು. ಲೆಸ್ಲಿ ಪೇಟೆಯಲ್ಲಿ ಬಾಯಿ ತೆರೆಯದೆ ನಡೆದು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಸರು ಹೇಳಿದ ತಕ್ಷಣ ಬೇರೆಯವನಾಗುತ್ತಾನೆ.

ಬೇರೆ ದೇಶಗಳಲ್ಲಿ ಇಂಥ ಮದುವೆಯನ್ನು ಕಾನೂನೇ ತಡೆದಿತ್ತು. ಅಮೆರಿಕದಲ್ಲಿ ಕರಿಯರು ಬಿಳಿಯರು ಮದುವೆಯಾಗಬಾರದು ಅನ್ನುವ ಕಾನೂನು 1967ರ ಜೂನ್‌ವರೆಗೂ 16 ರಾಜ್ಯಗಳಲ್ಲಿತ್ತು. ಅಲ್ಲಿನ ಸುಪ್ರೀಂ ಕೋರ್ಟ್ ಲವಿಂಗ್ ದಂಪತಿಯ ಕೇಸಿನಲ್ಲಿ ಅದನ್ನು ತೆಗೆದುಹಾಕಿತು. ದಕ್ಷಿಣ ಆಫ್ರಿಕಾದಲ್ಲಿ 1949ರಲ್ಲಿ ಬಂದ ಅಂಥದೇ ಕಾನೂನು 1985ರವರೆಗೂ ಇತ್ತು. ಕಥೆಯನ್ನು 1967ರಲ್ಲಿ ಶುರು ಮಾಡಿದ್ದಕ್ಕೆ ಆ ತೀರ್ಪೂ ಒಂದು ಕಾರಣ. ಪದ್ಮಳಿಗಾಗಲಿ ಲೆಸ್ಲಿಗಾಗಲಿ ಅದರ ಸುದ್ದಿ ಗೊತ್ತಿಲ್ಲ. ಅವರಿಗೆ ಅಡ್ಡ ಬಂದದ್ದು ಬಣ್ಣದ ಕಾನೂನು ಅಲ್ಲ, ಅಂಥದ್ದು ಇಲ್ಲಿ ಇರಲೇ ಇಲ್ಲ.

ಅಪ್ಪ ರೈಲ್ವೆಯಲ್ಲಿದ್ದರೂ ಲೆಸ್ಲಿಗೆ ಯಾಕೆ ರೈಲ್ವೆ ಕೆಲಸ ಸಿಗಲಿಲ್ಲ?

ಬ್ರಿಟಿಷರ ಕಾಲದಲ್ಲಿ ರೈಲ್ವೆ, ಕಸ್ಟಮ್ಸ್, ಅಂಚೆ ಮತ್ತು ತಂತಿ ಇಲಾಖೆಗಳಲ್ಲಿ ಆಂಗ್ಲೋ ಇಂಡಿಯನ್ನರಿಗೆ ಒಂದಷ್ಟು ಕೆಲಸ ಮೀಸಲಿರುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 336ನೇ ವಿಧಿ ಅದನ್ನು ಒಮ್ಮೆಗೇ ತೆಗೆಯಲಿಲ್ಲ. ಮೊದಲ ಎರಡು ವರ್ಷ ಹಾಗೇ ಬಿಟ್ಟು, ಆಮೇಲೆ ಎರಡೆರಡು ವರ್ಷಕ್ಕೆ ನೂರಕ್ಕೆ ಹತ್ತರಂತೆ ಇಳಿಸುತ್ತಾ ಬಂದು, ಹತ್ತು ವರ್ಷಕ್ಕೆ ಪೂರ್ತಿ ನಿಲ್ಲಿಸಿತು. ಅಂದರೆ 1960ಕ್ಕೆ ಮುಗಿಯಿತು. ಲೆಸ್ಲಿ ಶಾಲೆ ಮುಗಿಸಿ ಬರುವಷ್ಟರಲ್ಲಿ ಆ ಬಾಗಿಲು ಮುಚ್ಚಿತ್ತು. ಅವನ ಅಪ್ಪನಿಗೆ ಇದು ಕೊನೆವರೆಗೂ ಅರಗುವುದಿಲ್ಲ. ಅಜ್ಜ, ಅಪ್ಪ, ದೊಡ್ಡಪ್ಪ ಎಲ್ಲರೂ ರೈಲ್ವೆಯವರೇ. ಮಗ ಮಾತ್ರ ‘ಎಲ್ಲರ ಹಾಗೆ’ ಅರ್ಜಿ ಹಾಕಿ ಸಾಲಿನಲ್ಲಿ ನಿಲ್ಲಬೇಕಾಯ್ತು.

ಡೋರಿನ್ ಆಸ್ಟ್ರೇಲಿಯಾಕ್ಕೆ ಹೋಗುವ ಭಾಗದಲ್ಲಿ ಬಣ್ಣದ ಮಾತು ಬರುತ್ತದೆ. ಅದು ನಿಜಾನಾ?

ಆಸ್ಟ್ರೇಲಿಯಾ ಬಹಳ ಕಾಲ ಬಿಳಿಯರನ್ನು ಬಿಟ್ಟು ಬೇರೆಯವರಿಗೆ ಬಾಗಿಲು ತೆಗೆಯುತ್ತಿರಲಿಲ್ಲ. ಆಂಗ್ಲೋ ಇಂಡಿಯನ್ನರಲ್ಲಿ ನೋಡಲು ಯುರೋಪಿನವರ ಹಾಗೆ ಕಾಣುವವರಿಗೆ ಅವಕಾಶ ಸಿಗುತ್ತಿತ್ತು. 1966ರಲ್ಲಿ ಆ ನೀತಿ ಸಡಿಲವಾಯ್ತು, 1973ರಲ್ಲಿ ಪೂರ್ತಿ ಹೋಯಿತು. ಬ್ರಿಟನ್ 1962ರಲ್ಲೇ ವಲಸೆಯ ಕಾನೂನು ಬಿಗಿ ಮಾಡಿತ್ತು. ಹಾಗಾಗಿ ಆ ಕಾಲದ ಕುಕ್ ಟೌನ್, ಕಾಕ್ಸ್ ಟೌನ್ ಮನೆಗಳಲ್ಲಿ ದಿನಾ ಅದೇ ಮಾತು. ಯಾರಿಗೆ ಪೇಪರ್ ಬಂತು, ಯಾರು ಸಾಮಾನು ಮಾರುತ್ತಿದ್ದಾರೆ. ಲೆಸ್ಲಿಯ ಮನೆಯವರು ಫೋಟೋ ತೆಗೆಸಿಕೊಳ್ಳಲು ಹೋದಾಗ ಅಮ್ಮ ಡೋರಿನ್‌ಗೆ ಬೆಳಕಿನ ಕಡೆ ನಿಲ್ಲು ಅನ್ನುತ್ತಾರೆ, ಲೆಸ್ಲಿಗೆ ಏನೂ ಹೇಳುವುದಿಲ್ಲ. ಆ ಸುಮ್ಮನಿರುವಿಕೆ ಬರೆಯಲು ನನಗೆ ವಾರಗಟ್ಟಲೆ ಹಿಡಿಯಿತು.

ವಾಚ್ ಫ್ಯಾಕ್ಟರಿಯನ್ನೇ ಯಾಕೆ ಆರಿಸಿಕೊಂಡಿರಿ?

ಈ ಎರಡು ಮನೆಯ ಮಕ್ಕಳು ಆ ಕಾಲದಲ್ಲಿ ಬೇರೆಲ್ಲಿ ಭೇಟಿಯಾಗಬಹುದಿತ್ತು, ಹೇಳಿ? ಶಾಲೆ ಬೇರೆ, ಬೀದಿ ಬೇರೆ, ಮಾರ್ಕೆಟ್ ಬೇರೆ. ಅವರನ್ನು ಒಂದೇ ಸೂರಿನ ಕೆಳಗೆ ತಂದದ್ದು ಸರ್ಕಾರಿ ಕಾರ್ಖಾನೆಗಳು. ಎಚ್‌ಎಎಲ್ 1940ರಲ್ಲೇ ಬಂದಿತ್ತು. ಟೆಲಿಫೋನ್ ಮಾಡುವ ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚ್ ಮಾಡಲು ಶುರು ಮಾಡಿತು. ವಾಚ್ ಜೋಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತುಂಬಾ ತೆಗೆದುಕೊಂಡರು.

ನನಗೆ ಇನ್ನೊಂದು ಕಾರಣವೂ ಇತ್ತು. ಪದ್ಮ ಚಿಕ್ಕಂದಿನಿಂದ ಮಗ್ಗದ ಮನೆಯಲ್ಲಿ ಬೆಳೆದವಳು. ಹಾಸಿನಲ್ಲಿ ರೇಷ್ಮೆ ಎಳೆ ತುಂಡಾದರೆ ಕೂದಲಿಗಿಂತ ತೆಳ್ಳಗಿನ ಆ ಎಳೆಯನ್ನು ಬೆರಳ ತುದಿಯಲ್ಲೇ ಹುಡುಕಿ, ಹೊಸೆದು ಗಂಟು ಹಾಕುವುದು ಅವಳಿಗೆ ಆರು ವರ್ಷಕ್ಕೇ ಬರುತ್ತಿತ್ತು. ಫ್ಯಾಕ್ಟರಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಹೇರ್‌ಸ್ಪ್ರಿಂಗ್ ಎತ್ತಿ ಕೂರಿಸುವಾಗ ಅವಳಿಗೆ ಅದು ಹೊಸದು ಅನ್ನಿಸುವುದೇ ಇಲ್ಲ. ಬೆರಳು ಒತ್ತಿದರೆ ಸ್ಪ್ರಿಂಗ್ ಹೋಯ್ತು, ಉಸಿರು ಜೋರಾಗಿ ಬಿಟ್ಟರೂ ಹಾರಿಹೋಯ್ತು. ಅಪ್ಪನಿಗೆ ಮಜೂರಿ ತರದ ಆ ಬೆರಳ ಕೆಲಸ ಮಗಳಿಗೆ ತಿಂಗಳ ಸಂಬಳ ತಂದಿತು. ಆ ಮನೆಯಲ್ಲಿ ಸಂಬಳ ಅನ್ನೋದನ್ನು ಮೊದಲು ಕಂಡವಳು ಅವಳೇ.

ಮತ್ತೆ ಕ್ಯಾಂಟೀನು. ಅಲ್ಲಿ ಲೋಟಗಳೆಲ್ಲ ಒಂದೇ. ಸ್ಟೀಲಿನವು, ಒಂದೇ ತೊಟ್ಟಿಯಲ್ಲಿ ತೊಳೆದು ಒಂದೇ ಬುಟ್ಟಿಯಲ್ಲಿ ಬೋರಲು ಹಾಕಿದವು. ಯಾವ ಲೋಟದಲ್ಲಿ ಹಿಂದೆ ಯಾರು ಕುಡಿದರು ಅಂತ ಯಾರಿಗೂ ಗೊತ್ತಿಲ್ಲ. ಪದ್ಮ ಮೊದಲ ದಿನ ಕೈ ಹಿಂದೆ ತೆಗೆಯುತ್ತಾಳೆ. ಮನೆಯಿಂದ ಲೋಟ ತಂದವರು ಆಚೀಚೆ ಇನ್ನೂ ಒಂದಿಬ್ಬರು ಇದ್ದಾರೆ. ಮೂರನೇ ವಾರಕ್ಕೆ ಅವಳ ಲೋಟ ಚೀಲದಲ್ಲೇ ಉಳಿಯುತ್ತದೆ.

ಮದುವೆ ನೋಟಿಸ್ ಬೋರ್ಡಿನಲ್ಲಿ ಹಾಕ್ತಾರೆ ಅನ್ನೋದು ನಿಜಾನಾ? ಈಗಲೂ ಹಾಗೇನಾ?

ನಿಜ, ಈಗಲೂ ಹಾಗೇ. ಧರ್ಮ ಬಿಡದೆ ಮದುವೆಯಾಗಲು ಇರುವ ಒಂದು ದಾರಿ 1954ರ ವಿಶೇಷ ವಿವಾಹ ಕಾಯ್ದೆ. 1872ರ ಹಳೇ ವಿಶೇಷ ವಿವಾಹ ಕಾಯ್ದೆಯಲ್ಲಿ ಹಿಂದೂ ಹುಡುಗಿಯೂ ಕ್ರೈಸ್ತ ಹುಡುಗನೂ ಮದುವೆಯಾಗಬೇಕಾದರೆ ತಮ್ಮ ತಮ್ಮ ಧರ್ಮವನ್ನು ಪಾಲಿಸುತ್ತಿಲ್ಲ ಅಂತ ಬರೆದುಕೊಡಬೇಕಿತ್ತು. 1954ರಲ್ಲಿ ಆ ಕಾಟ ತಪ್ಪಿತು. ಆದರೆ ಮದುವೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ಹೆಸರು, ವಯಸ್ಸು, ಕೆಲಸ, ವಿಳಾಸ ಎಲ್ಲ ಇರುವ ಆ ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾರೆ. ಯಾರು ಬೇಕಾದರೂ ಬಂದು ತಕರಾರು ಹಾಕಬಹುದು. ಆದರೆ ‘ನಮಗೆ ಇಷ್ಟ ಇಲ್ಲ’ ಅನ್ನೋದು ತಕರಾರು ಆಗುವುದಿಲ್ಲ. ವಯಸ್ಸು, ಮೊದಲೇ ಮದುವೆ ಆಗಿರುವುದು, ಹತ್ತಿರದ ರಕ್ತಸಂಬಂಧ, ಇಂಥ ಕಾಯ್ದೆಯಲ್ಲಿ ಹೇಳಿದ ಕಾರಣ ಇರಬೇಕು.

ಪುಸ್ತಕದಲ್ಲಿ ಪದ್ಮಳ ಚಿಕ್ಕಪ್ಪ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದು ಮನೆಯ ಅಡಮಾನ ಪತ್ರ ನೋಂದಾಯಿಸಲು. ಸಾಲಿನಲ್ಲಿ ನಿಂತು ಬೇಜಾರಾಗಿ ಬೋರ್ಡ್ ಓದುತ್ತಾರೆ. ಅಲ್ಲಿ ಅಣ್ಣನ ಮಗಳ ಹೆಸರು, ತಾವು ಅಡ ಇಡಲು ಬಂದಿರುವ ಅದೇ ಮನೆಯ ವಿಳಾಸ.

ನನಗೆ ಆ ಕಾಯ್ದೆಯಲ್ಲಿ ತುಂಬಾ ಇಷ್ಟವಾದ ಮಾತೂ ಒಂದಿದೆ. ಮೂರು ಜನ ಸಾಕ್ಷಿಗಳ ಮುಂದೆ, ಅಧಿಕಾರಿಯ ಮುಂದೆ, ‘ನಿನ್ನನ್ನು ಕಾನೂನುಬದ್ಧ ಪತ್ನಿಯಾಗಿ’, ‘ನಿನ್ನನ್ನು ಕಾನೂನುಬದ್ಧ ಪತಿಯಾಗಿ ಸ್ವೀಕರಿಸಿದ್ದೇನೆ’ ಅನ್ನುವ ಅರ್ಥದ ಮಾತನ್ನು ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು. ಆ 30 ದಿನಗಳಲ್ಲಿ ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕೂತು ಲೆಸ್ಲಿ ಅದನ್ನು ಕನ್ನಡದಲ್ಲೂ ಪದ್ಮ ಇಂಗ್ಲಿಷಿನಲ್ಲೂ ಬಾಯಿಪಾಠ ಮಾಡುತ್ತಾರೆ.

ಈಗ ಇಂಥ ಸ್ಥಿತಿಯಲ್ಲಿರುವವರು ನನಗೆ ಪತ್ರ ಬರೆಯುತ್ತಾರೆ. ಅವರಿಗೆ ಒಂದು ಮಾತು. 2018ರಲ್ಲಿ ಶಕ್ತಿ ವಾಹಿನಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಸಮುದಾಯದ ಒಪ್ಪಿಗೆ ಬೇಕಿಲ್ಲ. ಹೆದರಿಕೆ ಇದ್ದರೆ ಸುಮ್ನೆ ಕೂರಬೇಡಿ. ವಕೀಲರನ್ನೋ ಪೊಲೀಸರನ್ನೋ ಮೊದಲೇ ನೋಡಿ.

ಪುಸ್ತಕದಲ್ಲಿ ಅಷ್ಟು ತಮಿಳು, ಇಂಗ್ಲಿಷ್ ಯಾಕೆ?

ದಂಡಿನ ಬೀದಿಗಳು ಮಾತಾಡಿದ್ದೇ ಹಾಗೆ. ಮದ್ರಾಸಿನ ಕಡೆಯ ಪಲ್ಟನ್ನುಗಳ ಜೊತೆ ಬಂದು ನೆಲೆ ನಿಂತವರು ಅಲ್ಲಿ ಬಹಳ. ಲೆಸ್ಲಿಗೆ ಮೊದಲು ತಮಿಳು ಬಂತು, ಆಟ ಆಡುತ್ತಾ. ಕನ್ನಡ ಅವನು ಕಲಿತದ್ದು ಫ್ಯಾಕ್ಟರಿ ಬಸ್ಸಿನಲ್ಲಿ. ಅವನ ಕನ್ನಡದಲ್ಲಿ ‘ನೀವು’ ಕಡಿಮೆ, ಎಲ್ಲರಿಗೂ ‘ನೀನು’. ಪದ್ಮಳ ಅಪ್ಪನಿಗೂ ಒಮ್ಮೆ ‘ನೀನು’ ಅಂದುಬಿಡುತ್ತಾನೆ. ಅದಕ್ಕೆ ಬೀಳುವ ಬೆಲೆ ಓದಿದವರಿಗೆ ಗೊತ್ತು.

ಕ್ರಿಸ್‌ಮಸ್ ತಿಂಡಿಗಳ ಬಗ್ಗೆ ಇನ್ನಷ್ಟು ಹೇಳಿ.

ಕುಲ್‌ಕುಲ್ ನನಗೆ ತುಂಬಾ ಇಷ್ಟ. ಮೈದಾ, ಮೊಟ್ಟೆ, ತೆಂಗಿನಹಾಲು ಹಾಕಿ ಕಲಸಿದ ಹಿಟ್ಟಿನ ಗೋಲಿಯಷ್ಟು ಉಂಡೆಯನ್ನು ಹೊಸ ಬಾಚಣಿಗೆಯ ಅಥವಾ ಫೋರ್ಕಿನ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ ಕರಿಯುತ್ತಾರೆ, ಆಮೇಲೆ ಸಕ್ಕರೆ ಪಾಕ. ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಬಿಡುವ ರೋಸ್ ಕುಕ್ಕಿ ಇನ್ನೊಂದು. ಹಬ್ಬದ ಊಟಕ್ಕೆ ತೆಂಗಿನಹಾಲಿನ ಹಳದಿ ಅನ್ನ, ಬಾಲ್ ಕರಿ ಅಂದರೆ ಕೈಮಾ ಉಂಡೆಯ ಸಾರು. ಪದ್ಮಳ ಬೆರಳಿಗೆ ಕುಲ್‌ಕುಲ್ ಸುತ್ತಲು ಒಂದೇ ಸಲಕ್ಕೆ ಬರುತ್ತದೆ. ಲೆಸ್ಲಿಯ ಅಜ್ಜಿ ಅವಳ ತಟ್ಟೆಯನ್ನೇ ನೋಡುತ್ತಾ ಕೂರುತ್ತಾರೆ, ಏನೂ ಹೇಳದೆ.

ಪದ್ಮಳ ಅಮ್ಮನನ್ನು ಕೆಟ್ಟವಳನ್ನಾಗಿ ಮಾಡಿದ್ದೀರಿ.

ಮಾಡಿಲ್ಲ. ಹಾಗೆ ಓದಿದರೆ ನನಗೆ ನಿಜವಾಗಿ ನೋವಾಗುತ್ತದೆ. ಇನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಬೇಕಾದ ತಾಯಿ ಅವರು. ಬೀದಿಯವರು ನೀರು ಕೊಡುವುದು ನಿಲ್ಲಿಸಿದರೆ ಏನು ಗತಿ ಅಂತ ದಿನಾ ರಾತ್ರಿ ಲೆಕ್ಕ ಹಾಕುವವರು. ಲೋಟ ಇಟ್ಟದ್ದು ಅವರೇ, ಆದರೆ ಆ ಗೂಡು ಅವರು ಮದುವೆಯಾಗಿ ಬರುವ ಮೊದಲೇ ಗೋಡೆಯಲ್ಲಿತ್ತು. ಹದಿನೆಂಟನೇ ಅಧ್ಯಾಯದಲ್ಲಿ ಅವರು ಒಬ್ಬರೇ ಹಿತ್ತಲಿಗೆ ಹೋಗುವ ಪುಟವನ್ನು ದಯವಿಟ್ಟು ಇನ್ನೊಂದು ಸಲ ಓದಿ.

ಸಿನಿಮಾ ಆಗುತ್ತಾ?

ಸದ್ಯಕ್ಕೆ ಇಲ್ಲ.

ಲೆಸ್ಲಿಯ ಅವಮಾನವನ್ನು ಅಸ್ಪೃಶ್ಯತೆಯ ಜೊತೆ ಹೋಲಿಸುವುದು ಸರಿನಾ?

ಇದು ನನ್ನನ್ನು ಜಾಸ್ತಿ ಕಾಡಿದ ಪ್ರಶ್ನೆ, ಕೇಳಿದವರಿಗೆ ಋಣಿ. ಎರಡೂ ಒಂದೇ ಅಲ್ಲ. ಲೆಸ್ಲಿ ಆ ಲೋಟದಲ್ಲಿ ಒಂದು ಸಲ ಕುಡಿದ. ಪದ್ಮ ಆ ಮಗ್ಗಿನಲ್ಲಿ ಒಂದು ಸಲ ಕುಡಿದಳು. ಇಬ್ಬರಿಗೂ ವಾಪಸ್ ಹೋಗಲು ಒಂದೊಂದು ಮನೆ ಇತ್ತು, ಅಲ್ಲಿ ಒಳ್ಳೆ ಲೋಟವೂ ಇತ್ತು. ತಲೆಮಾರುಗಳಿಂದ ಅದರಲ್ಲೇ ಕುಡಿದವರ ಕಥೆ ಬೇರೆ. ಆ ಭಾರವನ್ನು ಈ ಪ್ರೇಮಕಥೆಯ ಮೇಲೆ ಹೇರುವ ಹಕ್ಕು ನನಗಿಲ್ಲ.

ಅದಕ್ಕೇ ಕಲಾಯಿ ಸಾಬರ ಪಾತ್ರ ಬೆಳೆದದ್ದು. ಸೈಕಲ್ಲಿನಲ್ಲಿ ಊರೆಲ್ಲ ಸುತ್ತುವ ಅವರು ಎರಡೂ ಮನೆಗೆ ಹೋಗುತ್ತಾರೆ. ಎರಡೂ ಮನೆಯ ಲೋಟ ಅವರಿಗೆ ಗೊತ್ತು. ಪದ್ಮ, ಲೆಸ್ಲಿ ಬೇರೆ ಲೋಟದ ಬಗ್ಗೆ ಈಗಷ್ಟೇ ತಿಳಿದುಕೊಳ್ಳುತ್ತಿದ್ದರೆ, ಅವರು ಮೂವತ್ತು ವರ್ಷದಿಂದ ಅದರಲ್ಲೇ ಕುಡಿಯುತ್ತಾ ಬಂದಿದ್ದಾರೆ. ಪದ್ಮ ಒಮ್ಮೆ ಲೋಟ ತಂದುಕೊಟ್ಟು ‘ಇದಕ್ಕೂ ಕಲಾಯಿ ಹಾಕಿ ಸಾಬರೇ’ ಅಂದಾಗ ಅವರು ಕೊಡುವ ಉತ್ತರ ಪುಸ್ತಕದಲ್ಲೇ ಇರಲಿ.

ಆ ಜಾಗಗಳು ಈಗಲೂ ಇವೆಯಾ? ನೋಡಬಹುದಾ?

ಕಬ್ಬನ್‌ಪೇಟೆಯ ಗಲ್ಲಿಗಳಲ್ಲಿ ನಡೆಯಿರಿ. ಹಳೇ ಮಗ್ಗದ ಮನೆಗಳು ಹೋಗಿ ಕಟ್ಟಡ ಎದ್ದಿವೆ, ಪವರ್‌ಲೂಮ್ ಬಂದು ತುಂಬಾ ಕಾಲವಾಯ್ತು. ಕುಕ್ ಟೌನಿನಲ್ಲಿ ಕಿಟಕಿಯ ಮೇಲೆ ಮಂಕಿ ಟಾಪ್ ಅನ್ನುವ ಮರದ ಚೂಪು ಚಾವಣಿ ಇರುವ ಹಳೇ ಬಂಗಲೆ ಹುಡುಕಿದರೆ ಸಿಗುತ್ತವೆ, ಪಕ್ಕದಲ್ಲೇ ಅಪಾರ್ಟ್‌ಮೆಂಟು. ವಾಚ್ ಫ್ಯಾಕ್ಟರಿ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನ ಮಾಡಿತು. ಆಂಗ್ಲೋ ಇಂಡಿಯನ್ನರಿಗೆ ಲೋಕಸಭೆಯಲ್ಲೂ ನಮ್ಮ ವಿಧಾನಸಭೆಯಲ್ಲೂ ಇದ್ದ ನಾಮನಿರ್ದೇಶನದ ಸ್ಥಾನಗಳು 2020ರ ಜನವರಿಯಲ್ಲಿ ಕೊನೆಯಾದವು.

ನಮ್ಮ ಓದುಗರ ಕೂಟಕ್ಕೆ ಬರ್ತೀರಾ?

ಬರ್ತೀನಿ. ಒಂದೇ ಕೋರಿಕೆ, ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ. ಹಿಂದಿನ ಒಂದು ಕೂಟದಲ್ಲಿ ಚರ್ಚೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಒಬ್ಬ ಅಜ್ಜಿ ನನ್ನ ಪಕ್ಕ ಬಂದು ಕೂತರು. ‘ನಮ್ಮ ಹಳ್ಳಿ ಮನೆಯಲ್ಲಿ ಬೇರೆ ಲೋಟ ಅಂತ ಇರಲಿಲ್ಲಮ್ಮ, ತೆಂಗಿನ ಕರಟ ಇತ್ತು’ ಅಂದರು. ಹೇಳಿ ತಲೆ ತಗ್ಗಿಸಿದರು. ನಮ್ಮ ಎದುರಿಗೆ ಕೂತಿದ್ದ ಹಿರಿಯರೊಬ್ಬರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ‘ಆ ಕರಟದಲ್ಲಿ ನಾವು ಕುಡಿದಿದ್ದೇವೆ ತಾಯಿ’ ಅಂದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಜ್ಜಿ ಅವರನ್ನು ನಿಮ್ಮದು ಯಾವ ಊರು ಅಂತ ಕೇಳಿದರು.